ಅಂಚೆಟ್ಟಿ ಘಾಟಿಗೆ ಅಕ್ಕನ ಕಾರು

ಬಿಳೇಕಹಳ್ಳಿ
4 ಆಗಸ್ಟ್ 2024

ತಂಗಿ ಮುನಿತಾಯಿಗೆ,

ನಿನ್ನ ಅಕ್ಕ ಲಕ್ಷ್ಮಿದೇವಮ್ಮ ಬರೆಯುವುದು. ಕಾಗದ ನೋಡಿ ಗಾಬರಿ ಬೀಳಬೇಡ. ಯಾರೂ ಸತ್ತಿಲ್ಲ, ಯಾರಿಗೂ ಮದುವೆ ಗೊತ್ತಾಗಿಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತೀಯ. ನಮ್ಮ ಮನೆಯಲ್ಲಿ ನಾನು ಫೋನಿನಲ್ಲಿ ಮಾತಾಡಿದರೆ ಮೂರು ಮಹಡಿಗೂ ಕೇಳುತ್ತದೆ. ಮೆಸೇಜು ಹಾಕಿದರೆ ಮಗ ದಿನೇಶನ ಕಂಪ್ಯೂಟರಿನಲ್ಲಿ ಟಿಣ್ ಅನ್ನುತ್ತದೆ. ನಿನಗೋ ಸಿಗ್ನಲ್ ಬೇಕಾದರೆ ಬಂಡೆ ಹತ್ತಬೇಕು. ನಿಮ್ಮ ಮನೆಯಲ್ಲಿ ಎಲ್ಲರೂ ತಮಿಳು ಓದಿದವರು, ಕನ್ನಡ ಅಕ್ಷರ ಬರುವುದು ನಿನಗೊಬ್ಬಳಿಗೇ. ಗುಟ್ಟು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚಲಿಲ್ಲ.

ಗುಟ್ಟು ಏನೆಂದರೆ, ನಾನು ಕಾರು ಓಡಿಸುವುದು ಕಲಿಯುತ್ತಿದ್ದೇನೆ. ನಗಬೇಡ ಕಣೇ! ಸೊಸೆ ಚೈತ್ರಳಿಗೆ ಮಾತ್ರ ಗೊತ್ತು. ಅವಳ ಹಳೇ ಕೆಂಪು ಕಾರು ಗೇಟಿನ ಪಕ್ಕ ಧೂಳು ಹಿಡಿದು ನಿಂತಿತ್ತು. ‘ಅತ್ತೆ, ನೀವೇ ಇಟ್ಕೊಳ್ಳಿ’ ಅಂದಳು. ಅವಳೇ ಕರೆದುಕೊಂಡು ಹೋಗಿ ಜೆ.ಪಿ. ನಗರದ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿಸಿದಳು. ಮನೆಯಲ್ಲಿ ಮಿನಿ ಫಾರೆಸ್ಟಿಗೆ ವಾಕಿಂಗ್ ಹೋಗುತ್ತೇನೆ ಅಂತ ಹೇಳಿದ್ದೇನೆ. ನಿಮ್ಮ ಭಾವ ನನ್ನ ಸೊಂಟ ನೋಡಿ, ‘ಏನು, ದಿನಾ ನಡೆದ್ರೂ ಒಂಚೂರೂ ಇಳೀಲಿಲ್ವಲ್ಲ’ ಅಂತ ನಗುತ್ತಾರೆ. ನಗಲಿ, ನಗಲಿ.

ಯಾಕೆ ಈ ಹುಚ್ಚು ಅಂತ ಕೇಳು. ನಿನ್ನ ಮನೆಗೆ ನಾನು ಬಂದಾಗಲೆಲ್ಲ ಇವರ ಕಾರು, ಇಲ್ಲವೇ ಮಗನ ಕಾರು. ಎಂಜಿನ್ ಆರುವ ಮುಂಚೆಯೇ ಗಡಿಯಾರ ನೋಡುತ್ತಾರೆ. ‘ಹೊತ್ತಾಯ್ತು, ನಡಿ. ಆನೆ ಬರ್ತವೆ. ಬನ್ನೇರುಘಟ್ಟ ರೋಡಲ್ಲಿ ಟ್ರಾಫಿಕ್ ಆಗ್ತದೆ.’ ನಿನ್ನ ಪಕ್ಕ ಕೂತು ಒಂದು ಊಟ ನೆಮ್ಮದಿಯಾಗಿ ಉಂಡಿದ್ದೇ ಇಲ್ಲ. ನನಗೆ ಒಂದು ಇಡೀ ದಿನ ಬೇಕು ಮುನಿತಾಯಿ. ಬೆಳಿಗ್ಗೆ ಬಂದು, ನಿನ್ನ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ನನಗೆ ಸಾಕು ಅನ್ನಿಸಿದಾಗ ಎದ್ದು ಬರುವಂಥ ದಿನ.

ದಾರಿ ಹೀಗೆ ಅಂದುಕೊಂಡಿದ್ದೇನೆ. ಬನ್ನೇರುಘಟ್ಟ, ಆನೇಕಲ್, ತಳಿ, ದೆಂಕಣಿಕೋಟೆ, ಅಲ್ಲಿಂದ ನಿಮ್ಮ ಅಂಚೆಟ್ಟಿ ಘಾಟಿ. ದೆಂಕಣಿಕೋಟೆಯವರೆಗೆ ನನಗೆ ಭಯವಿಲ್ಲ. ಅಲ್ಲಿಂದಾಚೆ ಎಲ್ಲಿ ತಿರುವು, ಎಲ್ಲಿ ಹಾರ್ನ್ ಹೊಡೆಯಬೇಕು, ಎಲ್ಲಿ ನಿಂತು ನೀರು ಕುಡಿಯಬಹುದು, ಎಲ್ಲ ಬರೆದು ಕಳಿಸು. ಫೋನಿನ ಮ್ಯಾಪಿನಲ್ಲಿರುವ ಹೆಂಗಸು ಇಂಗ್ಲಿಷಿನಲ್ಲಿ ಎಡಕ್ಕೆ ತಿರುಗು ಅನ್ನುವಷ್ಟರಲ್ಲಿ ನಾನು ಆ ತಿರುವು ದಾಟಿಬಿಟ್ಟಿರುತ್ತೇನೆ.

ಒಬ್ಬಳೇ ಬರುತ್ತೇನೆ, ಇವರಿಗೆ ಗೊತ್ತಾಗದ ಹಾಗೆ. ನೀನೂ ಯಾರ ಹತ್ತಿರವೂ ಬಾಯಿ ಬಿಡಬೇಡ.

ನಿನ್ನ ಅಕ್ಕ


ಬಾಗೇದೊಡ್ಡಿ, ಅಂಚೆಟ್ಟಿ
19 ಆಗಸ್ಟ್ 2024

ಅಕ್ಕನಿಗೆ,

ಕಾಗದ ಬಂತು. ವಿಳಾಸ ಕನ್ನಡದಲ್ಲಿತ್ತು. ಅಂಚೆಯವನು ಊರೆಲ್ಲ ತೋರಿಸಿ, ಓದುವವರು ಸಿಗದೆ, ಹಾಗಾದರೆ ಇದು ಮುನಿತಾಯಮ್ಮನದೇ ಅಂತ ನನಗೆ ತಂದುಕೊಟ್ಟ. ಮುಂದಿನ ಸಲ ಇಂಗ್ಲಿಷಿನಲ್ಲಿ ಬರೆಸು.

ನೀನು ಕಾರು ಕಲಿಯುವುದು ಸಂತೋಷ. ಆದರೆ ಈ ದಾರಿ ನಿನ್ನ ಕೈಲಾಗುವುದಿಲ್ಲ. ದೆಂಕಣಿಕೋಟೆ ಬಿಟ್ಟ ಮೇಲೆ ರಸ್ತೆ ಕಿತ್ತುಹೋಗಿದೆ. ತಿರುವಿನಲ್ಲಿ ಬಸ್ಸು ಎದುರಾದರೆ ಹಿಂದಕ್ಕೆ ಬರಬೇಕು, ಹಿಂದೆ ನೋಡಿದರೆ ಪ್ರಪಾತ. ಹೋದ ತಿಂಗಳು ಒಂಟಿ ಆನೆಯೊಂದು ಬಾಳೆಕಾಯಿ ಲಾರಿಯನ್ನು ತಡೆದು ಅರ್ಧ ಲೋಡು ಇಳಿಸಿಕೊಂಡಿತು. ಡ್ರೈವರ್ ತಾನಾಗಿಯೇ ಇಳಿದು ಓಡಿದ. ನೆಟ್‌ವರ್ಕೂ ಇಲ್ಲ, ಗಾಡಿ ಕೆಟ್ಟರೆ ಮೆಕ್ಯಾನಿಕ್ಕೂ ಇಲ್ಲ.

ಅಷ್ಟಕ್ಕೂ ಭಾವನಿಗೆ ಗೊತ್ತಾಗದ ಹಾಗೆ ಬರುವಂಥದ್ದು ಏನಿದೆ? ಏನಾದರೂ ಇದ್ದರೆ ಕಾಗದದಲ್ಲೇ ಬರೆ.

ರಾಗಿ ಪೈರು ಚೆನ್ನಾಗಿದೆ.

ಮುನಿತಾಯಮ್ಮ


ಬಿಳೇಕಹಳ್ಳಿ
8 ಸೆಪ್ಟೆಂಬರ್ 2024

ತಂಗೀ,

ನೀನು ನನ್ನ ಬಗ್ಗೆ ಇಷ್ಟು ಕಾಳಜಿ ಮಾಡಿದ್ದು ಓದಿ ಹೊಟ್ಟೆ ತಣ್ಣಗಾಯಿತು. ಚೈತ್ರಳಿಗೂ ಓದಿ ಹೇಳಿದೆ. ಆನೆ ವಿಷಯಕ್ಕೆ ಅವಳು, ‘ಅತ್ತೆ, ಕಾರಲ್ಲಿ ಬಾಳೆಹಣ್ಣು ಇಟ್ಕೋಬೇಡಿ, ಅಷ್ಟೇ’ ಅಂದಳು. ಹಾಗಾಗಿ ನಿನಗೆ ತರಬೇಕೆಂದಿದ್ದ ಏಲಕ್ಕಿ ಬಾಳೆ ರದ್ದು. ಬದಲಿಗೆ ಗಾಂಧಿಬಜಾರಿನ ಕಡಲೆಪುರಿ.

ಘಾಟಿ ಹತ್ತುವ ಅಭ್ಯಾಸ ಎಲ್ಲಿ ಮಾಡುತ್ತಿದ್ದೇನೆ ಗೊತ್ತಾ? ಬಿಳೇಕಹಳ್ಳಿಯಲ್ಲಿ ಬೆಟ್ಟ ಎಲ್ಲಿಂದ ಬರಬೇಕು! ನಮ್ಮ ಪಿ.ಜಿ. ಬಿಲ್ಡಿಂಗಿನ ಬೇಸ್‌ಮೆಂಟಿಗೆ ಇಳಿಜಾರಿದೆಯಲ್ಲ, ಅದೇ ನನ್ನ ಅಂಚೆಟ್ಟಿ. ಇವರು ಮಧ್ಯಾಹ್ನ ಮಲಗಿದ ಮೇಲೆ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ. ನಡುವೆ ನಿಲ್ಲಿಸಿ, ಹಾಫ್ ಕ್ಲಚ್ಚಿನಲ್ಲಿ ಹಿಡಿದು, ಹಿಂದಕ್ಕೆ ಜಾರದ ಹಾಗೆ ಎತ್ತಬೇಕು. ಮೊದಲ ದಿನ ಜಾರಿ ಕಂಬಕ್ಕೆ ಮುತ್ತು ಕೊಟ್ಟೆ. ಪಿ.ಜಿ. ಹುಡುಗಿಯರು ಬಾಲ್ಕನಿಯಲ್ಲಿ ನಿಂತು, ‘ಆಂಟಿ, ಸೂಪರ್! ಸಖತ್!’ ಅಂತ ಕೂಗುತ್ತಾರೆ. ಯಜಮಾನರ ಕಿವಿಗೆ ಬಿದ್ದರೆ ಬಾಡಿಗೆ ಏರಿಸುತ್ತೇನೆ ಅಂತ ಹೆದರಿಸಿದ್ದೇನೆ.

ಲೈಸೆನ್ಸು ಇನ್ನೇನು ಕೈಗೆ ಬಂತು ಅಂತಲೇ ಇಟ್ಟುಕೋ.

ಇನ್ನು, ಯಾಕೆ ಗುಟ್ಟು ಅಂದೆಯಲ್ಲ. ಇವರಿಗೆ ಹೇಳಿದರೆ ತಾವೇ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾರೆ, ಮುಗಿಯಿತು ಕಥೆ. ಅದೂ ಅಲ್ಲದೆ ನಿನ್ನ ಹತ್ತಿರ ನನಗೊಂದು ಕೆಲಸವಿದೆ. ಅದು ಅಂಚೆಯಲ್ಲಿ ಆಗುವಂಥದ್ದಲ್ಲ, ಎದುರಿಗೇ ಆಗಬೇಕು. ಈಗ ಹೇಳುವುದಿಲ್ಲ, ಬಂದಾಗ ನೋಡುವೆಯಂತೆ.

ತಿರುವಿನ ವಿವರ ಬೇಗ ಕಳಿಸು.

ನಿನ್ನ ಅಕ್ಕ


ಬಾಗೇದೊಡ್ಡಿ
23 ಸೆಪ್ಟೆಂಬರ್ 2024

ಲಕ್ಷ್ಮಿದೇವಮ್ಮನವರಿಗೆ,

ನಾನು ಎಂಟನೇ ಕ್ಲಾಸಿಗೆ ಬಿಟ್ಟವಳಾದರೂ ದಡ್ಡಿಯಲ್ಲ. ಗಂಡನಿಗೆ ತಿಳಿಯಬಾರದು, ಮಗನಿಗೆ ತಿಳಿಯಬಾರದು, ಎದುರಿಗೇ ಆಗಬೇಕು ಅಂದರೆ ಅದು ಸಹಿ. ಅಪ್ಪನ ಜಾಗದಲ್ಲಿ ಇನ್ನೂ ಎಲ್ಲಿ ಏನು ಉಳಿದಿತ್ತೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಪೇಪರು ಅಂಚೆಯಲ್ಲಿ ಕಳಿಸಿ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿ ಕಳಿಸುತ್ತೇನೆ. ಅದಕ್ಕಾಗಿ ನೀವು ಘಾಟಿ ಹತ್ತುವ ಕಷ್ಟ ತೆಗೆದುಕೊಳ್ಳಬೇಡಿ.

ಹೋದ ಸಲವೂ ನೀವು ಅಪ್ಪನ ಜಾಗದ ನನ್ನ ಪಾಲು ಬಿಟ್ಟುಕೊಡುವ ಸಹಿಗೇ ಬಂದಿದ್ದಿರಿ. ಭಾವ, ತಮ್ಮ, ದಿನೇಶ ಮೂವರೂ ಕಾರಿನ ಬಾನೆಟ್ಟಿನ ಮೇಲೆ ಪೇಪರು ಹರಡಿದರು. ನಿಂತಲ್ಲೇ ಸಹಿ ಹಾಕಿದೆ. ಜಾಗದ ಬಗ್ಗೆ ನನಗೆ ಬೇಜಾರಿಲ್ಲ, ದೇವರಾಣೆ ಇಲ್ಲ. ಆದರೆ ಒಳಗೆ ನಾಟಿ ಕೋಳಿ ಸಾರು ಕುದಿಯುತ್ತಿತ್ತು. ನೀವು ಬರುತ್ತೀರೆಂದು ಮುದ್ದೆಗೆ ಎಸರಿಟ್ಟಿದ್ದೆ. ನೀವು ಹಿಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದಿರಿ. ನಾನು ನೋಡಿದೆ. ನೀವೂ ನೋಡಿದಿರಿ, ಆಮೇಲೆ ತಲೆ ಬಗ್ಗಿಸಿದಿರಿ. ಇಳಿಯುವವರಾದರೆ ಇಳಿಯುತ್ತಾರೆ ಅಂತ ನಾನೂ ಹತ್ತಿರ ಬರಲಿಲ್ಲ. ಕಾರು ಹೊರಟುಹೋಯಿತು. ಆ ಸಾರನ್ನು ನಮ್ಮ ಮನೆಯಲ್ಲಿ ಯಾರೂ ರುಚಿ ನೋಡಿ ಉಣ್ಣಲಿಲ್ಲ.

ನನ್ನ ಅಂಗಳಕ್ಕೆ ಕಾಲಿಡಲು ಬೇಡವಾದವರು ಈಗ ಇಡೀ ದಿನ ಇರುತ್ತೇನೆ ಅಂದರೆ ನಾನು ಹೇಗೆ ನಂಬಲಿ?

ಮುನಿತಾಯಮ್ಮ


ಬಿಳೇಕಹಳ್ಳಿ
10 ನವೆಂಬರ್ 2024

ಲೇ ಮುನಿತಾಯಿ,

‘ಲಕ್ಷ್ಮಿದೇವಮ್ಮನವರಿಗೆ’ ಅಂತೆ! ಚಿಕ್ಕಂದಿನಲ್ಲಿ ನಿನ್ನ ಮೂಗು ಒರೆಸಿದ ಕೈ ಇದು. ನಾನೇನು ತಹಸೀಲ್ದಾರಳಾ?

ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದಕ್ಕೆ ಬೈದುಕೊಂಡಿರುತ್ತೀಯ. ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ. ಸಹಿ ಅಂದೆಯಲ್ಲ, ಆ ಮಾತಿಗೆ ಸಿಟ್ಟು ಬಂದು ಒಲೆಯ ಮೇಲಿನ ಹಾಲು ಉಕ್ಕಿಸಿದೆ. ಆದರೆ ಕಾರಿನಿಂದ ಇಳಿಯಲಿಲ್ಲ ಅಂದೆಯಲ್ಲ, ಅದಕ್ಕೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಇಳಿಯಲಿಲ್ಲ ಅನ್ನುವುದು ನಿಜ. ಯಾಕೆ ಅನ್ನುವುದನ್ನು ಹೇಳಲು ನಾಚಿಕೆ. ಮನೆ ಮುಂದೆ ಮೂರು ಕಾರು ನಿಂತಿರುವವಳು ನಾನು. ಹೇಗೆ ಹೇಳಲಿ, ನನಗೆ ಕಾರಿನ ಬಾಗಿಲು ತೆಗೆಯಲು ಬರಲಿಲ್ಲ ಅಂತ?

ಹೌದು ಕಣೇ. ಆ ದಿನ ದಿನೇಶನ ಹೊಸ ಕಾರು. ಅವರೆಲ್ಲ ಇಳಿದರು. ನಾನು ಹಿಡಿ ಎಳೆದೆ, ಬಾಗಿಲು ತೆರೆಯಲಿಲ್ಲ. ಮತ್ತೆ ಎಳೆದೆ. ಆ ಕಡೆಯ ಬಾಗಿಲಿಗೆ ಜರುಗಿ ಅದನ್ನೂ ಎಳೆದೆ. ಗಾಜು ಬಡಿದೆ. ಇವರು ಪೇಪರಿನಿಂದ ತಲೆ ಎತ್ತದೆ, ಕೂತ್ಕೊ ಕೂತ್ಕೊ ಅಂತ ಕೈ ಸನ್ನೆ ಮಾಡಿದರು. ನಿನ್ನ ಮುಖ ನೋಡಿದೆ. ಒಂದು ಬಾಗಿಲು ತೆಗೆಯಲು ಬಾರದ ದಡ್ಡಿಯನ್ನು ನೋಡಿ ನಿನ್ನ ಮನೆಯವರೆಲ್ಲ ನಗುತ್ತಾರೆ ಅಂತ ತಲೆ ಬಗ್ಗಿಸಿದೆ. ದಾರಿಯುದ್ದಕ್ಕೂ ಅತ್ತೆ. ಇವರು, ‘ಘಾಟಿ ಅಲ್ವಾ, ವಾಂತಿ ಬರೋ ಹಾಗಾಗಿರ್ಬೇಕು’ ಅಂತ ನಿಂಬೆಹಣ್ಣು ಕೊಟ್ಟರು.

ಈಗ ಕೇಳು. ಮೊನ್ನೆ ಕ್ಲಾಸಿನಲ್ಲಿ ಇನ್ನೊಬ್ಬಳು ಓಡಿಸುತ್ತಿದ್ದಳು, ನಾನು ಹಿಂದೆ ಕೂತಿದ್ದೆ. ಹೇಳಿಕೊಡುವವನು ಸುಶ್ರುತ ಅಂತ. ಗಾಡಿ ನಿಲ್ಲಿಸಿ, ‘ಬನ್ನಿ ಆಂಟಿ, ಈಗ ನಿಮ್ಮ ಟರ್ನು’ ಅಂದ. ಹಿಡಿ ಎಳೆದೆ. ತೆರೆಯಲಿಲ್ಲ! ‘ತಲೆ ಸುತ್ತುತ್ತಿದೆ, ಇವತ್ತು ಬೇಡಪ್ಪ’ ಅಂದೆ. ಅವನು ಹೊರಗಿನಿಂದ ಬಂದು ಸಲೀಸಾಗಿ ತೆಗೆದ. ‘ಸಾರಿ ಆಂಟಿ, ಚೈಲ್ಡ್ ಲಾಕ್ ಆಗಿತ್ತು. ಮಕ್ಕಳು ತೆಗೀದಿರ್ಲಿ ಅಂತ ಇಟ್ಟಿರ್ತಾರೆ. ಅದು ಹಾಕಿದ್ರೆ ಒಳಗಡೆಯಿಂದ ಯಾರಿಗೂ ತೆಗೆಯೋಕಾಗಲ್ಲ’ ಅಂತ ಬಾಗಿಲಿನ ಅಂಚಿನಲ್ಲಿದ್ದ ಒಂದು ಪುಟ್ಟ ಕೊಂಡಿ ತೋರಿಸಿದ.

ಯಾರಿಗೂ ಆಗುವುದಿಲ್ಲವಂತೆ ಮುನಿತಾಯಿ! ದಿನೇಶ ತನ್ನ ಮಗುವಿಗೋಸ್ಕರ ಅದನ್ನು ಹಾಕಿಟ್ಟಿದ್ದ. ನಾನು ಜೆ.ಪಿ. ನಗರದ ನಡುರಸ್ತೆಯಲ್ಲಿ ನಿಂತು ಗೊಳೋ ಅಂತ ಅತ್ತೆ. ಪಾಪ ಸುಶ್ರುತ ಹೆದರಿ ಎಳನೀರು ತಂದುಕೊಟ್ಟ. ಮನೆಗೆ ಬಂದು ಇವರನ್ನು ಹಿಡಿದು ಕೇಳಿದೆ, ಹಿಂದಿನ ಬಾಗಿಲಿಗೆ ಇಂಥದ್ದೊಂದು ಲಾಕ್ ಇರುತ್ತೆ ಅಂತ ನಿಮಗೆ ಗೊತ್ತಿತ್ತಾ ಅಂತ. ‘ನಂಗೆ ಹೆಂಗೆ ಗೊತ್ತಾಗ್ಬೇಕು? ನಾನು ಯಾವತ್ತೂ ಹಿಂದ್ಗಡೆ ಕೂತೇ ಇಲ್ವಲ್ಲ’ ಅಂದರು.

ಇನ್ನೊಂದು ಹೇಳಿಬಿಡುತ್ತೇನೆ. ಲೈಸೆನ್ಸು ಕೈಗೆ ಬಂತು ಅಂತ ಬರೆದಾಗ ಆಗಲೇ ಫೇಲಾಗಿದ್ದೆ. ಎಂಟರ ಆಕಾರದಲ್ಲಿ ಓಡಿಸು ಅಂದರು, ನಾನು ಹೂಕೋಸಿನ ಆಕಾರದಲ್ಲಿ ಓಡಿಸಿದೆ.

ಎದುರಿಗೇ ಆಗಬೇಕಾದ ಕೆಲಸ ಏನು ಗೊತ್ತಾ? ನಿನ್ನ ಕೈಗೆ ಬಳೆ ತೊಡಿಸುವುದು. ಹಸಿರು ಗಾಜಿನ ಬಳೆ ತೆಗೆದಿಟ್ಟಿದ್ದೇನೆ. ಅಮ್ಮ ಹೋದ ಮೇಲೆ ನಿನ್ನ ಕೈ ಹಿಡಿದು ಬಳೆ ತೊಡಿಸಿದವರು ಯಾರೂ ಇಲ್ಲ. ಈಗ ಬರಲೋ ಬೇಡವೋ, ನೀನೇ ಹೇಳು. ಬೇಡ ಅಂದರೆ ಬಳೆಗಳನ್ನು ಅಂಚೆಯಲ್ಲಿ ಕಳಿಸುತ್ತೇನೆ, ಒಡೆದರೆ ನನ್ನನ್ನು ಕೇಳಬೇಡ.

ಅಕ್ಕ (ನವರಲ್ಲ)


ಬಾಗೇದೊಡ್ಡಿ
21 ನವೆಂಬರ್ 2024

ಅಕ್ಕಾ,

ಯಾರು ಏನು ಹೇಳಿದರೂ ಸುಮ್ಮನೆ ನಂಬುವವಳಲ್ಲ ನಾನು, ನಿನಗೆ ಗೊತ್ತೇ ಇದೆ. ನಿನ್ನ ಕಾಗದ ಸೆರಗಿಗೆ ಸಿಕ್ಕಿಸಿಕೊಂಡು ಸೀದಾ ಅಂಚೆಟ್ಟಿ ಬಸ್ ಸ್ಟ್ಯಾಂಡಿಗೆ ಹೋದೆ. ಅಲ್ಲಿ ಬಾಡಿಗೆ ಕಾರು ನಿಲ್ಲಿಸಿಕೊಂಡಿದ್ದ ಡ್ರೈವರಿಗೆ, ‘ನಿನ್ನ ಕಾರಿನಲ್ಲಿ ಮಕ್ಕಳ ಲಾಕು ಇದೆಯೇನಪ್ಪ’ ಅಂದೆ. ಇದೆ ಅಂದ. ‘ಹಾಗಾದರೆ ಅದನ್ನು ಹಾಕಿ ನನ್ನನ್ನು ಒಳಗೆ ಕೂರಿಸು’ ಅಂದೆ. ಎಲ್ಲಿಗೆ ಹೋಗಬೇಕು ಅಂತ ಕೇಳಿದ. ಎಲ್ಲಿಗೂ ಇಲ್ಲ ಅಂದೆ. ಅವನು ನನ್ನ ಮುಖ, ಸ್ಟ್ಯಾಂಡಿನಲ್ಲಿದ್ದವರ ಮುಖ ನೋಡಿ ಬಾಗಿಲು ಹಾಕಿದ.

ಎಳೆದೆ ಅಕ್ಕಾ. ಎರಡು ಕೈಯಲ್ಲೂ ಎಳೆದೆ, ಕಾಲು ಕೊಟ್ಟು ಒದ್ದೆ. ತೆರೆಯಲಿಲ್ಲ. ಗಾಜಿನಾಚೆ ಇಡೀ ಬಸ್ ಸ್ಟ್ಯಾಂಡು ನಿಂತು ನನ್ನನ್ನು ನೋಡುತ್ತಿತ್ತು. ನನಗೂ ತಲೆ ಬಗ್ಗಿಸುವ ಹಾಗಾಯಿತು. ನೀನು ಆ ದಿನ ಹೀಗೆ ಕೂತಿದ್ದೆ, ನಾನು ಕಲ್ಲಿನ ಹಾಗೆ ನಿಂತು ನೋಡಿದೆ. ನಾಲ್ಕು ಹೆಜ್ಜೆ ಬಂದು ಹೊರಗಿನಿಂದ ಹಿಡಿ ಎತ್ತಿದ್ದರೆ ಮುಗಿದಿತ್ತಲ್ಲ! ಡ್ರೈವರ್ ಬಾಗಿಲು ತೆಗೆದಾಗ ನಗುತ್ತಾ ಅಳುತ್ತಾ ಇಳಿದೆ. ಅವನು ಬಾಡಿಗೆ ಕೇಳುವ ಧೈರ್ಯ ಮಾಡಲಿಲ್ಲ.

ಇನ್ನು ನನ್ನ ಸುಳ್ಳು. ರಸ್ತೆ ಕಿತ್ತುಹೋಗಿಲ್ಲ. ಹೊಸ ಡಾಂಬರು ಹಾಕಿದ್ದಾರೆ, ಬೆಣ್ಣೆಯ ಹಾಗಿದೆ. ಆನೆ ಮಾತ್ರ ನಿಜ.

ದಾರಿ ಬರೆದುಕೋ. ದೆಂಕಣಿಕೋಟೆಯಲ್ಲಿ ಪೆಟ್ರೋಲು ನೋಡಿಕೋ, ಆಮೇಲೆ ನಂಬಿಕೆಯಿಲ್ಲ. ಕಾಡು ಶುರುವಾಗುವ ಕಡೆ ಮುನೀಶ್ವರನ ಕಲ್ಲಿದೆ, ಎಲ್ಲ ಗಾಡಿಯವರೂ ಒಂದು ಗಳಿಗೆ ನಿಲ್ಲಿಸಿ ಕೈ ಮುಗಿಯುತ್ತಾರೆ. ನೀನೂ ನಿಲ್ಲಿಸು. ದೇವರಿಗೂ ಆಯಿತು, ಎಂಜಿನ್ನಿಗೂ ಆಯಿತು. ಅಲ್ಲಿಂದ ಪ್ರತಿ ತಿರುವಿಗೂ ಹಾರ್ನ್ ಹೊಡಿ, ನಾಚಿಕೊಳ್ಳಬೇಡ. ಬಸ್ಸು ಎದುರಾದರೆ ಅವನೇ ದೊಡ್ಡವನು ಅಂತ ಬಿಟ್ಟುಕೊಡು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲು ಉಳಿಸುವ ಜಾಣತನ ತೋರಿಸಬೇಡ. ಬಿದಿರು ಮೆಳೆಯ ಹತ್ತಿರ ಮಾತ್ರ ನಿಲ್ಲಿಸಲೇಬೇಡ, ಆನೆಗಳು ಅಲ್ಲೇ ದಾಟುವುದು.

ಅವರೆ ಸೊಗಡಿಗೆ ಬರಲಿ, ಆಗ ಬಾ. ಹಿತಕಿದ ಬೇಳೆ ಸಾರು ಮಾಡುತ್ತೇನೆ. ಮೊದಲು ಪಾಸಾಗು.

ನಿನ್ನ ಮುನಿತಾಯಿ


ಬಿಳೇಕಹಳ್ಳಿ
15 ಡಿಸೆಂಬರ್ 2024

ಮುನಿತಾಯೀ,

ಪಾಸು! ಪಾಸು! ಪಾಸು! ಎಂಟು ಹಾಕಿದೆ, ರಿವರ್ಸ್ ತೆಗೆದೆ, ಇಳಿಯುವಾಗ ಇನ್‌ಸ್ಪೆಕ್ಟರಿಗೆ ಕೈ ಮುಗಿದೆ. ‘ಅಮ್ಮ, ನಿಧಾನವಾಗಿ ಓಡಿಸಿ’ ಅಂದರು. ಪಿ.ಜಿ. ಹುಡುಗಿಯರು ಕೇಕ್ ತಂದರು. ಅಲ್ಲಿಗೆ ಗುಟ್ಟು ಮುಗಿಯಿತು, ಯಾಕೆಂದರೆ ಕೇಕಿನ ಮೇಲೆ ಕಾರಿನ ಚಿತ್ರವಿತ್ತು.

ಇವರು ಬೇಸ್‌ಮೆಂಟಿಗೆ ಹೋಗಿ ಕಂಬದ ಮೇಲಿನ ಕೆಂಪು ಬಣ್ಣ ನೋಡಿ ಬಂದರು. ಭಾನುವಾರ ನಿನ್ನ ಮನೆಗೆ ಹೊರಟಿರುವುದನ್ನೂ ಹೇಳಿಬಿಟ್ಟೆ. ಆಮೇಲೆ, ‘ಸರಿ, ಭಾನುವಾರ ನಾನೂ ಬರ್ತೀನಿ. ಘಾಟಿಯಲ್ಲಿ ನಿನ್ನೊಬ್ಬಳನ್ನೇ ಬಿಡೋಕಾಗುತ್ತಾ? ಪಕ್ಕದಲ್ಲಿ ಕೂತು ಹೇಳ್ತಾ ಇರ್ತೀನಿ’ ಅಂದರು. ನನ್ನ ಇಡೀ ದಿನ ಅಲ್ಲೇ ಮಣ್ಣುಪಾಲಾಯಿತು ಅಂದುಕೊಂಡೆ. ಆಮೇಲೆ ಎಲ್ಲಿಂದ ಧೈರ್ಯ ಬಂತೋ, ‘ಬನ್ನಿ, ಬೇಡ ಅಂದೋರ್ಯಾರು? ಹಿಂದಿನ ಸೀಟು. ಹೊರಡೋದು ಯಾವಾಗ ಅಂತ ಮಾತ್ರ ಕೇಳೋ ಹಾಗಿಲ್ಲ’ ಅಂದೆ. ಒಂದು ಲೋಟ ಕಾಫಿ ಮುಗಿಯುವವರೆಗೆ ಯೋಚಿಸಿದರು. ‘ಭಾನುವಾರ ಸಂಘದ ಮೀಟಿಂಗ್ ಇದೆ ಕಣೇ, ಮರೆತೇಹೋಗಿತ್ತು’ ಅಂದರು. ಸಂಜೆ ತಾವೇ ಕಾರು ತೆಗೆದುಕೊಂಡು ಹೋಗಿ ಟಯರಿಗೆ ಗಾಳಿ ಹಾಕಿಸಿ, ಬ್ರೇಕು ತೋರಿಸಿಕೊಂಡು ಬಂದರು. ಒಳ್ಳೆಯವರೇ, ಪಾಪ.

ಭಾನುವಾರ, ಇಪ್ಪತ್ತೆರಡನೇ ತಾರೀಖು. ಬೆಳಕು ಹರಿಯುವ ಮುಂಚೆ ಬಿಡುತ್ತೇನೆ. ಆನೇಕಲ್ಲಿನಲ್ಲಿ ಇಡ್ಲಿ. ನಿಮ್ಮ ಮನೆಗೆ ಯಾವಾಗ ತಲುಪುತ್ತೇನೋ ಹೇಳಲಾರೆ, ಹಿಂದಿನಿಂದ ಎಲ್ಲರೂ ಹಾರ್ನ್ ಹೊಡೆದರೂ ನನ್ನ ಸ್ಪೀಡು ನನ್ನದು. ನನಗೆ ಭಯವಾಗುತ್ತಿದೆ ಮುನಿತಾಯಿ, ಇದನ್ನು ಚೈತ್ರಳಿಗೂ ಹೇಳಿಲ್ಲ. ಆದರೂ ಬರುತ್ತೇನೆ.

ಅಕ್ಕ


ಬಾಗೇದೊಡ್ಡಿ
26 ಡಿಸೆಂಬರ್ 2024

ಅಕ್ಕಾ,

ನೀನು ಮನೆ ಸೇರಿದ್ದನ್ನು ಚೈತ್ರ ಫೋನಿನಲ್ಲಿ ಹೇಳಿದಳು. ಅದನ್ನು ಕೇಳಲು ಬಂಡೆ ಹತ್ತಿದ್ದೆ.

ನೀನು ಬಂದು ಹೋದ ಮೇಲೆ ಊರಿನಲ್ಲಿ ನನಗೆ ಬೆಲೆ ಬಂದಿದೆ. ನಿನ್ನ ಹಾರ್ನು ಕೆಳಗಿನ ತಿರುವಿನಿಂದಲೇ ಕೇಳಿಸುತ್ತಿತ್ತು. ಯಾರೋ ಮಿನಿಸ್ಟರು ಬರುತ್ತಿದ್ದಾರೆ ಅಂತ ಎಲ್ಲರೂ ರಸ್ತೆಗೆ ಬಂದಿದ್ದರು. ನೀನು ಮೂರು ಮುದ್ದೆ ಉಂಡೆ, ಎಣಿಸಿದ್ದೇನೆ ಅಂತ ಸಿಟ್ಟಾಗಬೇಡ. ಊಟ ಆದ ಮೇಲೆ ಅಡುಗೆಮನೆಯ ನೆಲದ ಮೇಲೆ ಬಿದ್ದುಕೊಂಡು ಗೊರಕೆ ಹೊಡೆದೆಯಲ್ಲ, ಅವರೆಕಾಯಿ ಸುಲಿಯುತ್ತಾ ನಿನ್ನನ್ನೇ ನೋಡುತ್ತಾ ಕೂತಿದ್ದೆ. ಎಬ್ಬಿಸಲು ಮನಸ್ಸಾಗಲಿಲ್ಲ. ಬಳೆ ಕೈಗೆ ಸರಿಯಾಗಿವೆ. ಪಾತ್ರೆ ತೊಳೆಯುವಾಗ ಒಂದು ಒಡೆಯಿತು, ಉಳಿದವು ಇವೆ.

ನಾನು ಆ ಸಂಜೆ ಮನೆಗೆ ಹೇಗೆ ಬಂದೆ ಅಂತ ಕೇಳಿದ್ದೆಯಂತೆ, ಹೇಳುತ್ತೇನೆ. ನಿನ್ನನ್ನು ಊರ ಬಾಗಿಲವರೆಗೆ ಕಳಿಸಿ ಬರುತ್ತೇನೆ ಅಂತ ಮನೆಯಲ್ಲಿ ಹೇಳಿ ಹತ್ತಿದವಳು ನಾನು. ಊರ ಬಾಗಿಲು ಬಂದಾಗ ನೀನು ಅಮ್ಮನ ಮಾತು ತೆಗೆದಿದ್ದೆ, ಹೇಗೆ ಇಳಿಯಲಿ? ಮೊದಲ ತಿರುವಿನಲ್ಲಿ ಇಳಿಯೋಣವೆಂದರೆ ನಾನು ಮಾತಿನ ಮಧ್ಯೆ ಇದ್ದೆ. ಮುನೀಶ್ವರನ ಕಲ್ಲಿನ ಹತ್ತಿರ ಇಬ್ಬರೂ ನಗುತ್ತಿದ್ದೆವು. ದೆಂಕಣಿಕೋಟೆಯ ದೀಪ ಕಂಡಾಗಲೇ ನನಗೆ ಎಚ್ಚರವಾದದ್ದು.

ಕೊನೇ ಬಸ್ಸು ಸಿಕ್ಕಿತು. ಕಂಡಕ್ಟರ್ ಪರಿಚಯದವನು, ಊರಿಗೆ ಹೋಗಿದ್ದಿರಾ ಅಂತ ತಮಿಳಿನಲ್ಲಿ ಕೇಳಿದ. ಇಲ್ಲ, ಅಕ್ಕನನ್ನು ಕಳಿಸಲು ಬಂದಿದ್ದೆ ಅಂದೆ. ಇಷ್ಟು ದೂರ ಬಂದು ಕಳಿಸುತ್ತಾರಾ ಅಂದ. ಅವಳು ಒಬ್ಬಳೇ ಕಾರು ಓಡಿಸಿಕೊಂಡು ಬೆಂಗಳೂರಿನಿಂದ ಬಂದಿದ್ದಳು ಅಂದೆ. ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಹಿಂದಿರುಗಿ ನೋಡಿದರು. ಎಷ್ಟು ವಯಸ್ಸು, ಹೆದರಿಕೆ ಆಗಲಿಲ್ಲವಾ, ಗಂಡ ಏನಂದ, ಎಲ್ಲ ಕೇಳಿದರು. ಘಾಟಿ ಮುಗಿಯುವವರೆಗೂ ನಿನ್ನದೇ ಮಾತು.

ಸ್ಟಾಪಿನಲ್ಲಿ ನಮ್ಮ ಯಜಮಾನರು ಟಾರ್ಚು ಹಿಡಿದು ನಿಂತಿದ್ದರು. ಮಂಡಿ ನೋವಿನಲ್ಲೇ ನಡೆದುಕೊಂಡು ಬಂದು, ಹುಡುಕಿ ಹುಡುಕಿ ಸಾಕಾಗಿ, ಸಿಟ್ಟಿನಲ್ಲಿದ್ದರು.

“ಊರ ಬಾಗಿಲವರೆಗೆ ಅಂದೋಳು, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?” ಅಂದರು.

“ತವರಿಗೆ,” ಅಂದೆ.

ಅವರು ಟಾರ್ಚು ನೆಲಕ್ಕೆ ತಿರುಗಿಸಿದರು. ನನ್ನ ಕಾಲಿನ ಮುಂದಕ್ಕೆ ಬೆಳಕು ಬಿಡುತ್ತಾ ಮನೆಯವರೆಗೆ ನಡೆದರು.

ನಿನ್ನ ಮುನಿತಾಯಿ